ನಾವು ಮರೆತ ರೋಗಿಯ ಹಕ್ಕು



ಹುಲಸೂರಿನ ಯಾವುದೇ ಓಣಿಯಲ್ಲಿ ಒಬ್ಬರು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರೆ ಏನಾಗುತ್ತದೆಂಬುದು ನಿಮಗೆ ಗೊತ್ತು. ಅಸರ್ ನಮಾಝ್ ಮುಗಿದ ಕೂಡಲೇ ನಾಲ್ಕು ಜನ ಅವರ ಮನೆಗೆ ಹೋಗುತ್ತಾರೆ. ಬಸವಕಲ್ಯಾಣದಲ್ಲಿ ತೋರಿಸಿದಿರೋ ಬೀದರಿಗೆ ಹೋದಿರೋ, ಪ್ಲಾಸ್ಟರ್ ಎಷ್ಟು ದಿನ ಇರಬೇಕಂತೆ ಎಂದು ವಿಚಾರಿಸುತ್ತಾರೆ. ನೆರೆಮನೆಯ ಖಾಲಾ ಡಬ್ಬಿಯಲ್ಲಿ ಖಿಚಡಿ ಕಳಿಸುತ್ತಾರೆ. ದುಆ ಮಾಡಿ, ಚಹಾ ಕುಡಿದು, ರೋಗಿಯ ಮುಖದಲ್ಲಿ ಸ್ವಲ್ಪ ನಗು ಕಂಡ ಮೇಲೆ ಎಲ್ಲರೂ ಏಳುತ್ತಾರೆ. ಇದು ನಮ್ಮ ಸಮುದಾಯದಲ್ಲಿ ಇನ್ನೂ ಉಳಿದಿರುವ ಒಳ್ಳೆಯ ನಡತೆ. ಅಲ್ಹಮ್ದುಲಿಲ್ಲಾಹ್.

ಈಗ ಅದೇ ಓಣಿಯ ಇನ್ನೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ಕೆಲಸಕ್ಕೆಂದು ಹೈದರಾಬಾದಿಗೆ ಹೋದ ಮಗ ಆರು ತಿಂಗಳಲ್ಲಿ ಮರಳಿ ಬಂದಿದ್ದಾನೆ. ರಾತ್ರಿ ನಿದ್ರೆಯಿಲ್ಲ, ಯಾರೋ ತನ್ನ ಬೆನ್ನು ಹತ್ತಿದ್ದಾರೆಂಬ ಭಯ, ತನ್ನಷ್ಟಕ್ಕೆ ತಾನೇ ಮಾತು. ಅಥವಾ ಹೆರಿಗೆಯಾಗಿ ಇನ್ನೂ ನಲವತ್ತು ದಿನ ತುಂಬದ ಸೊಸೆ ಕಾರಣವಿಲ್ಲದೆ ಅಳುತ್ತಾಳೆ, ಮಗುವನ್ನು ಎತ್ತಿಕೊಳ್ಳಲು ಮುಂದಾಗುವುದಿಲ್ಲ. ಈ ಮನೆಗೆ ಯಾರು ಹೋಗುತ್ತಾರೆ? ಯಾವ ಡಬ್ಬಿ ಬರುತ್ತದೆ? ಮನೆಯವರೇ ಬಾಗಿಲು ಮುಚ್ಚಿಕೊಂಡು, ಕೇಳಿದವರಿಗೆ 'ಮೈಗೆ ಹುಷಾರಿಲ್ಲ' ಎನ್ನುತ್ತಾರೆ. ಹೊರಗಿನವರು ಪಿಸುಗುಡುತ್ತಾರೆ. ಕಾಲು ಮುರಿದವನು ನಮಗೆ ರೋಗಿ, ಮನಸ್ಸು ಮುರಿದವನು ಮಾತ್ರ ನಾಚಿಕೆಯ ವಿಷಯ.

ಪುನರುತ್ಥಾನ ದಿನದ ಕುರಿತಾದ ಒಂದು ಹದೀಸ್ ನಿಮಗೆ ಪರಿಚಿತವಾಗಿರಬಹುದು. ತಾನು ರೋಗಿಯಾಗಿದ್ದಾಗ ನೀನೇಕೆ ನೋಡಲು ಬರಲಿಲ್ಲವೆಂದು ಅಲ್ಲಾಹನು ಮನುಷ್ಯನನ್ನು ಪ್ರಶ್ನಿಸುವನು. ಸರ್ವಲೋಕಗಳ ಒಡೆಯನಾದ ನಿನ್ನನ್ನು ನಾನು ಹೇಗೆ ಸಂದರ್ಶಿಸಲಿ ಎಂದು ಮನುಷ್ಯನು ತಬ್ಬಿಬ್ಬಾಗುವನು. ಆಗ ಅವನಿಗೆ ಒಬ್ಬ ರೋಗಿಯ ನೆನಪು ಮಾಡಿಕೊಡಲಾಗುವುದು. ಅವನನ್ನು ಕಾಣಲು ಹೋಗಿದ್ದರೆ ಅಲ್ಲಾಹನನ್ನು ಅಲ್ಲಿ ಪಡೆಯುತ್ತಿದ್ದೆ ಎನ್ನಲಾಗುವುದು. ಈ ಹದೀಸಿನಲ್ಲಿ ಕಾಲಿನ ರೋಗಿ, ಜ್ವರದ ರೋಗಿ, ಮನಸ್ಸಿನ ರೋಗಿ ಎಂಬ ವಿಂಗಡಣೆ ಇದೆಯೇ? ಇಲ್ಲ. ವಿಂಗಡಣೆ ಮಾಡಿದವರು ನಾವು.

ಬೀದಿಯಲ್ಲಿ ನಿಂತು ಕೇಳಿದವರು

ಹ. ಅನಸ್(ರ) ವರದಿ ಮಾಡಿರುವ ಒಂದು ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಮದೀನಾದಲ್ಲಿ ಬುದ್ಧಿಯಲ್ಲಿ ಏನೋ ತೊಂದರೆಯಿದ್ದ ಒಬ್ಬ ಸ್ತ್ರೀ ಪ್ರವಾದಿವರ್ಯರ(ಸ) ಬಳಿಗೆ ಬಂದು, ತನಗೆ ಅವರಿಂದ ಒಂದು ಕೆಲಸವಾಗಬೇಕಿದೆ ಎಂದಳು. ಆಗ ಅವರ ಹೆಗಲ ಮೇಲಿದ್ದ ಹೊಣೆಗಳನ್ನು ಯೋಚಿಸಿ ನೋಡಿ. ಯಾರನ್ನಾದರೂ ಕಳಿಸಿ ವಿಚಾರಿಸಬಹುದಿತ್ತು, ನಾಳೆ ಬಾ ಎನ್ನಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮಕ್ಕಳ ತಾಯಿಯನ್ನು ಗೌರವದಿಂದ ಕರೆಯುವ ರೀತಿಯಲ್ಲೇ ಆಕೆಯನ್ನು ಕರೆದು, ಯಾವ ಬೀದಿಯಲ್ಲಿ ಮಾತಾಡುವುದು ನಿನಗೆ ಇಷ್ಟವೋ ನೀನೇ ಹೇಳು ಎಂದರು. ದಾರಿಯ ಒಂದು ಬದಿಯಲ್ಲಿ ಆಕೆಯೊಂದಿಗೆ ನಿಂತರು. ಆಕೆಯ ಮಾತು ಮುಗಿಯುವ ತನಕ ನಿಂತೇ ಇದ್ದರು.

ಇದರಲ್ಲಿ ನಮಗೆ ಮೂರು ಪಾಠಗಳಿವೆ. ಮೊದಲನೆಯದು, ಗೌರವ. ಬುದ್ಧಿ ಸ್ವಲ್ಪ ಕದಡಿದೆಯೆಂದು ಆಕೆಯ ಮಾನ ಕಡಿಮೆಯಾಗಲಿಲ್ಲ. ಎರಡನೆಯದು, ಆಯ್ಕೆ. ಎಲ್ಲಿ ನಿಲ್ಲಬೇಕೆಂಬುದನ್ನು ಆಕೆಗೇ ಬಿಟ್ಟರು, ಮತ್ತು ಆ ಜಾಗ ನಾಲ್ಕು ಜನ ನೋಡಬಹುದಾದ ಬೀದಿಯೇ ಆಗಿದ್ದುದರಿಂದ ಇಬ್ಬರ ಮರ್ಯಾದೆಯೂ ಉಳಿಯಿತು. ಮೂರನೆಯದು, ಸಮಯ. ಮಾತನ್ನು ಅವರು ಅರ್ಧಕ್ಕೆ ಕತ್ತರಿಸಲಿಲ್ಲ. ಇಂದು ಮನೋರೋಗಿಗಳ ಸೇವೆಗೆ ಮುಂದಾಗುವ ಸ್ವಯಂಸೇವಕರಿಗೆ ತರಬೇತಿಯಲ್ಲಿ ಹೇಳಿಕೊಡುವುದೂ ಬಹುಮಟ್ಟಿಗೆ ಇದನ್ನೇ. ಎದುರಿಗಿರುವವರನ್ನು ಗೌರವಿಸಿ, ಆಯ್ಕೆಯನ್ನು ಅವರಿಗೆ ಬಿಡಿ, ಪೂರ್ತಿ ಕೇಳಿ.

ದುಃಖವು ಈಮಾನಿನ ಕೊರತೆಯೇ?

ನೊಂದವರ ಮನೆಗೆ ಹೋದಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ಏನು? 'ನಮಾಝ್ ಸರಿಯಾಗಿ ಮಾಡು, ಎಲ್ಲಾ ಸರಿಹೋಗುತ್ತದೆ.' 'ಇಷ್ಟಕ್ಕೆಲ್ಲ ಎದೆಗುಂದುವುದೇ? ಸಬ್ರ್ ಇಲ್ಲವೇ?' ನಮಾಝ್ ನೆಮ್ಮದಿ ಕೊಡುತ್ತದೆಂಬುದು ಸತ್ಯ. ಸಬ್ರ್ ವಿಶ್ವಾಸಿಯ ಆಭರಣವೆಂಬುದೂ ಸತ್ಯ. ಆದರೆ ಹಾಸಿಗೆಯಿಂದ ಏಳಲೂ ತ್ರಾಣವಿಲ್ಲದವರಿಗೆ ಈ ಮಾತು ಉಪದೇಶದಂತೆ ಕೇಳುವುದಿಲ್ಲ, ಆರೋಪದಂತೆ ಕೇಳುತ್ತದೆ. ನೋವಿನ ಜೊತೆಗೆ ತಾನು ಅಲ್ಲಾಹನಿಗೂ ಬೇಡವಾದೆನೇ ಎಂಬ ಹೆದರಿಕೆಯೂ ಸೇರಿಕೊಳ್ಳುತ್ತದೆ.

ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ನಮಗಿಂತ ಎಷ್ಟು ಮೃದುವಾಗಿದೆ ನೋಡಿ. ಮಗ ಯೂಸುಫ್‌ರನ್ನು(ಅ) ಕಳೆದುಕೊಂಡ ಹ. ಯಾಕೂಬ್(ಅ) ಅತ್ತು ಅತ್ತು ಕಣ್ಣು ಬೆಳ್ಳಗಾಗುವಷ್ಟು ದುಃಖಿಸಿದರು. ಅವರು ಪ್ರವಾದಿ. ಅವರ ಈಮಾನಿನಲ್ಲಿ ಕೊರತೆಯಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ತನ್ನ ವ್ಯಥೆಯನ್ನು ಅಲ್ಲಾಹನಲ್ಲೇ ತೋಡಿಕೊಳ್ಳುತ್ತೇನೆಂದು ಅವರು ಹೇಳಿದರು, ಆದರೆ ದುಃಖವೇ ಇಲ್ಲವೆಂಬಂತೆ ನಟಿಸಲಿಲ್ಲ. ಹ. ಖದೀಜಾ(ರ) ಮತ್ತು ಅಬೂ ತಾಲಿಬ್ ಒಂದೇ ವರ್ಷದಲ್ಲಿ ತೀರಿಕೊಂಡಾಗ, ಆ ವರ್ಷಕ್ಕೆ ಇತಿಹಾಸದಲ್ಲಿ ದುಃಖದ ವರ್ಷವೆಂದೇ ಹೆಸರು ಉಳಿಯಿತು.

ಇನ್ನು ಹ. ಮರ್ಯಮ್‌ರ(ಅ) ವೃತ್ತಾಂತ. ಹೆರಿಗೆಯ ನೋವು, ಒಂಟಿತನ, ನಾಳೆ ಜನ ಆಡಬಹುದಾದ ಮಾತುಗಳ ಭಯ. ಆ ಕ್ಷಣದಲ್ಲಿ ಆಕೆ ಇದಕ್ಕಿಂತ ಮೊದಲೇ ಸತ್ತುಹೋಗಿದ್ದರೆ ಚೆನ್ನಾಗಿತ್ತೆಂದು ಹಂಬಲಿಸಿದರು. ಲೋಕದ ಸ್ತ್ರೀಯರಲ್ಲಿ ಶ್ರೇಷ್ಠರಾಗಿ ಆರಿಸಲ್ಪಟ್ಟವರ ಬಾಯಿಂದಲೇ ಈ ಮಾತು ಬಂತು. ಉತ್ತರವಾಗಿ ಆಕೆಗೆ ಬೈಗುಳ ಬರಲಿಲ್ಲ, ಪ್ರವಚನವೂ ಬರಲಿಲ್ಲ. ದುಃಖಿಸಬೇಡವೆಂಬ ಸಾಂತ್ವನ ಬಂತು. ಕಾಲ ಬಳಿಯಲ್ಲೇ ನೀರು, ತಲೆಯ ಮೇಲೆ ಮಾಗಿದ ಖರ್ಜೂರ, ತಿನ್ನು, ಕುಡಿ, ಕಣ್ಣು ತಂಪಾಗಿಸಿಕೋ ಎಂಬ ಕರೆ ಬಂತು. ಅಂದು ಯಾರಿಗೂ ಉತ್ತರ ಕೊಡಬೇಕಾಗಿಲ್ಲವೆಂಬ ಬಿಡುವೂ ಸಿಕ್ಕಿತು. ಸಾಯಬೇಕೆನಿಸುತ್ತದೆ ಎನ್ನುವ ಒಬ್ಬಳ ಪಕ್ಕದಲ್ಲಿ ಕುಳಿತಾಗ ಏನು ಮಾಡಬೇಕೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಮಾದರಿ ಬೇಕೇ? ಆತ್ಮಹತ್ಯೆ ಹರಾಮ್ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹರಾಮ್ ಎಂಬ ಪದವನ್ನೇ ಮೊದಲ ಮಾತಾಗಿ ಎಸೆದರೆ, ಬಾಯಿ ತೆರೆದವಳು ಮತ್ತೆ ಬಾಯಿ ಮುಚ್ಚುತ್ತಾಳೆ. ಅಪಾಯವಿರುವುದು ಆ ಮೌನದಲ್ಲಿ.

ದುಆ ಮತ್ತು ಔಷಧಿ

ಅಲ್ಲಾಹನು ಶಮನವನ್ನಿಳಿಸದೆ ಯಾವ ರೋಗವನ್ನೂ ಇಳಿಸಿಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ, ಚಿಕಿತ್ಸೆ ಪಡೆಯಿರೆಂದು ಆಜ್ಞಾಪಿಸಿದ್ದಾರೆ. ಈ ಆಜ್ಞೆಯಿಂದ ಮನೋರೋಗವನ್ನು ಹೊರಗಿಟ್ಟಿಲ್ಲ. ನಮ್ಮ ಪೂರ್ವಿಕರು ಇದನ್ನು ಸರಿಯಾಗಿ ಅರ್ಥಮಾಡಿಕೊಂಡಿದ್ದರು. ಸುಮಾರು 1,100 ವರ್ಷಗಳ ಹಿಂದೆ ಅಬೂ ಝೈದ್ ಅಲ್‌ಬಲ್ಖಿ ಎಂಬ ವಿದ್ವಾಂಸರು ದೇಹದ ಆರೋಗ್ಯಕ್ಕೊಂದು, ಮನಸ್ಸಿನ ಆರೋಗ್ಯಕ್ಕೊಂದು ಭಾಗವಿರುವ ಗ್ರಂಥ ಬರೆದು, ಭಯ, ಕೋಪ, ದುಃಖ, ಗೀಳಿನ ಆಲೋಚನೆಗಳ ಕುರಿತು ವಿವರಿಸಿದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಸ್ಥಳವಿತ್ತು. ಅದರ ಖರ್ಚು ನಡೆದದ್ದು ವಕ್ಫ್ ಆದಾಯದಿಂದ.

ಜಿನ್ನ್‌ಗಳಿವೆಯೆಂಬುದು ನಮ್ಮ ವಿಶ್ವಾಸದ ಭಾಗ. ಆದರೆ ನಿದ್ರೆಗೆಟ್ಟ ಪ್ರತಿಯೊಬ್ಬರಿಗೂ ಜಿನ್ನ್ ಹಿಡಿದಿದೆಯೆನ್ನುವುದು ವಿಶ್ವಾಸವಲ್ಲ, ಊಹೆ. ಕುರ್‌ಆನ್ ಓದಿ ಊದಿಸುವುದಿದ್ದರೆ ಊದಿಸಿ, ಅದು ಬರಕತ್. ಅದರೊಂದಿಗೆ ವೈದ್ಯರ ಬಳಿಗೂ ಕರೆದೊಯ್ಯಿರಿ. ಒಂದು ಇನ್ನೊಂದಕ್ಕೆ ಶತ್ರುವಲ್ಲ. ಹೊಡೆಯುವುದು, ಹಸಿವಿನಿಂದ ಇಡುವುದು, ಸರಪಳಿ ಹಾಕುವುದು ದುಆ ಅಲ್ಲ, ಔಷಧಿಯೂ ಅಲ್ಲ.

ಸರಪಳಿಯ ಮಾತು ಬಂದಾಗ ಒಂದು ದುರಂತವನ್ನು ನೆನೆಯಲೇಬೇಕು. ತಮಿಳುನಾಡಿನ ಏರ್ವಾಡಿಯ ದರ್ಗಾದ ಸುತ್ತ ಮನೋರೋಗಿಗಳನ್ನು ಇಟ್ಟುಕೊಳ್ಳುವ ಖಾಸಗಿ ವಸತಿಗಳಿದ್ದವು. ಗುಣವಾಗುವರೆಂಬ ಆಸೆಯಿಂದ ದೂರದೂರದ ಕುಟುಂಬಗಳು ತಮ್ಮವರನ್ನು ಅಲ್ಲಿ ಬಿಟ್ಟುಹೋಗುತ್ತಿದ್ದವು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥ ಒಂದು ಕಡೆಯ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದವರು ಓಡಲಾಗಲಿಲ್ಲ. 28 ಜನ ಪ್ರಾಣ ಬಿಟ್ಟರು. ಅವರೆಲ್ಲರೂ ಯಾರದೋ ಮಕ್ಕಳು, ಯಾರದೋ ತಾಯಂದಿರು. ಇಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮನೋರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಆದರೆ ಕಾನೂನು ಬರುವುದಕ್ಕಿಂತ ಎಷ್ಟೋ ಮೊದಲೇ, ಬುದ್ಧಿ ದುರ್ಬಲರಾದವರಿಗೆ ಉಣಿಸಿ, ಉಡಿಸಿ, ಒಳ್ಳೆಯ ಮಾತನ್ನಾಡಿರೆಂಬ ಆದೇಶ ಸೂರಃ ಅನ್ನಿಸಾದಲ್ಲಿ ಇತ್ತಲ್ಲವೇ? ಅನ್ನ, ಬಟ್ಟೆಯ ಜೊತೆಗೆ ಒಳ್ಳೆಯ ಮಾತನ್ನೂ ಅಲ್ಲಾಹನು ಅವರ ಹಕ್ಕಾಗಿ ಇಟ್ಟಿದ್ದಾನೆ.

ಪಾಡು ಪಟ್ಟವರ ಹೊಣೆ

ನಾವೇನು ವೈದ್ಯರೇ, ನಮ್ಮಿಂದ ಏನಾದೀತು ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಸೂರಃ ಅದ್ದುಹಾದಲ್ಲಿದೆ. ದಿವ್ಯವಾಣಿ ಕೆಲ ಕಾಲ ನಿಂತು, ಪ್ರವಾದಿವರ್ಯರ(ಸ) ಮನಸ್ಸು ಬಹಳ ನೊಂದಿದ್ದಾಗ ಆ ಸೂರಃ ಅವತೀರ್ಣವಾಯಿತು. ಅಲ್ಲಾಹನು ಅವರನ್ನು ಕೈಬಿಟ್ಟಿಲ್ಲವೆಂದು ಮೊದಲು ಸಾಂತ್ವನ ಹೇಳಲಾಯಿತು. ಅನಂತರ ಅನಾಥರಾಗಿದ್ದಾಗ ಆಶ್ರಯ ಸಿಕ್ಕಿದ್ದನ್ನು, ದಾರಿ ಹುಡುಕುತ್ತಿದ್ದಾಗ ದಾರಿ ಸಿಕ್ಕಿದ್ದನ್ನು, ಬಡವರಾಗಿದ್ದಾಗ ಅನುಕೂಲ ಒದಗಿದ್ದನ್ನು ನೆನಪಿಸಲಾಯಿತು. ಆಮೇಲೆ ಬಂದದ್ದು ಹೊಣೆ. ಅನಾಥನನ್ನು ತುಳಿಯಬಾರದು, ಕೇಳಿ ಬಂದವನನ್ನು ಗದರಿಸಬಾರದು. ಅಂದರೆ, ನೀನು ಹಾದು ಬಂದ ಕತ್ತಲೆಯನ್ನು ಮರೆಯಬೇಡ, ಅದರಲ್ಲೇ ಇರುವವನಿಗೆ ನೀನು ಋಣಿ.

ಇದೇ ಇಂದಿನ ಮಾನಸಿಕ ಆರೋಗ್ಯ ಸೇವೆಯಲ್ಲಿ ಒಂದು ಮುಖ್ಯ ವಿಧಾನವಾಗಿ ಬೆಳೆದಿದೆ. ಒಮ್ಮೆ ಈ ಕಾಯಿಲೆಯಿಂದ ನರಳಿ ಚೇತರಿಸಿಕೊಂಡವರು, ಅಥವಾ ಮನೆಯಲ್ಲಿ ಇಂಥ ರೋಗಿಯನ್ನು ನೋಡಿಕೊಂಡವರು, ಈಗ ನರಳುತ್ತಿರುವವರ ಜೊತೆ ಕುಳಿತು ಧೈರ್ಯ ಹೇಳುವುದು. 'ನಿನಗೇನು ಗೊತ್ತು' ಎಂದು ವೈದ್ಯರಿಗೆ ಹೇಳುವ ರೋಗಿ, 'ನನಗೂ ಹೀಗೇ ಆಗಿತ್ತು' ಎಂಬ ಮಾತಿಗೆ ತಲೆಯೆತ್ತಿ ನೋಡುತ್ತಾನೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಒಂದು ಕುಟುಂಬ ಇನ್ನೊಂದು ಕುಟುಂಬವನ್ನು ನೋಡಿ ಕಲಿಯಿತು, ಗುಣವಾದವರನ್ನು ಕಂಡು ಹೊಸಬರಿಗೆ ಭರವಸೆ ಬಂತು.

ನಮ್ಮ ರಾಜ್ಯವೂ ಇದರಲ್ಲಿ ಹಿಂದುಳಿದಿಲ್ಲ. ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ತನಕ ಒಯ್ಯಬಹುದೆಂಬುದನ್ನು ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ನಮ್ಮದೇ ಕಲ್ಯಾಣ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶಕ್ಕೇ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ನಿಮ್ಹಾನ್ಸ್‌ನ ನಿವೃತ್ತ ಪ್ರಾಧ್ಯಾಪಕ ಡಾ. ಸಿ.ಆರ್. ಚಂದ್ರಶೇಖರ್ ಮನೋರೋಗಗಳ ಕುರಿತು ಸರಳ ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕ ಬರೆದರು, ಬೆಂಗಳೂರಿನಲ್ಲಿ 'ಸಮಾಧಾನ' ಎಂಬ ಉಚಿತ ಆಪ್ತಸಲಹಾ ಕೇಂದ್ರ ನಡೆಸಿ ಸಾಮಾನ್ಯ ಜನರಿಗೂ ಈ ಸೇವೆಯ ತರಬೇತಿ ಕೊಟ್ಟರು. ಗಡಿಯಾಚೆಯ ಮಹಾರಾಷ್ಟ್ರದಲ್ಲಿ, ನಾಸಿಕ್ ಜಿಲ್ಲೆಯ ಪೇಠ್ ತಾಲ್ಲೂಕಿನ ಹಳ್ಳಿಗಳಲ್ಲಿ 'ಆತ್ಮೀಯತಾ' ಯೋಜನೆಯಡಿ ಹಳ್ಳಿಯ ಗಂಡಸರು ಹೆಂಗಸರೇ ತರಬೇತಿ ಪಡೆದು, ನೊಂದ ನೆರೆಯವರ ಮಾತು ಕೇಳುವ ಕೆಲಸ ಮಾಡಿದರು. ದೂರದ ಜಿಂಬಾಬ್ವೆಯಲ್ಲಂತೂ 2006ರಿಂದ ಅಜ್ಜಿಯರೇ ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕುಳಿತು ಈ ಸೇವೆ ಮಾಡುತ್ತಿದ್ದಾರೆ.

ಇವರ ಅಗತ್ಯ ಎಷ್ಟಿದೆ ಗೊತ್ತೇ? 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಕಾಯಿಲೆಯ ಬಗೆಗೆ ತಕ್ಕಂತೆ ಅವರಲ್ಲಿ ನೂರಕ್ಕೆ 70ರಿಂದ 92 ಜನರಿಗೆ ಚಿಕಿತ್ಸೆಯೇ ತಲುಪಿರಲಿಲ್ಲ. ಅಂದ ಮೇಲೆ ಶುಕ್ರವಾರ ಜುಮಾದಲ್ಲಿ ನಿಮ್ಮ ಸಾಲಿನಲ್ಲೇ, ನಿಮ್ಮ ಭುಜಕ್ಕೆ ಭುಜ ತಾಗಿಸಿ ಅಂಥ ಒಬ್ಬರು ನಿಂತಿರಬಹುದು.

ಹ. ಮೂಸಾರನ್ನು(ಅ) ನೆನೆಯಿರಿ. ಫಿರ್‌ಔನನ ಬಳಿಗೆ ಹೋಗಬೇಕಾದಾಗ ತನ್ನ ಎದೆ ಬಿಗಿಯುತ್ತದೆ, ನಾಲಿಗೆ ತಡವರಿಸುತ್ತದೆಂದು ಅವರು ಅಲ್ಲಾಹನಲ್ಲಿ ಹೇಳಿಕೊಂಡರು, ಜೊತೆಗೆ ಸಹೋದರ ಹಾರೂನ್‌ರನ್ನು(ಅ) ಕೊಡೆಂದು ಬೇಡಿದರು. ಆ ಬೇಡಿಕೆ ಈಡೇರಿತು. ಪ್ರವಾದಿಗೇ ಒಬ್ಬ ಜೊತೆಗಾರ ಬೇಕಾಗಿದ್ದರೆ, ನಮ್ಮ ಓಣಿಯ ಆ ಹುಡುಗನಿಗೆ ಬೇಡವೇ?

ನಮ್ಮೂರಲ್ಲಿ ಏನು ಮಾಡಬಹುದು?

ಹುಲಸೂರು 2018ರಲ್ಲಿ ತಾಲ್ಲೂಕು ಕೇಂದ್ರವಾದರೂ, ಮನೋವೈದ್ಯರಿಗಾಗಿ ಹೊರಗಿನ ಪಟ್ಟಣದ ದಾರಿ ಹಿಡಿಯುವುದು ನಮಗೆ ರೂಢಿ. ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಜನ ಏನೆಂದಾರು ಎಂಬ ಅಂಜಿಕೆ, ಈ ಮೂರೂ ಸೇರಿ ಮನೆಯವರನ್ನು ಕೂರಿಸಿಬಿಡುತ್ತವೆ. ಇಲ್ಲಿ ಬೇಕಾದದ್ದು ದೊಡ್ಡ ಕಟ್ಟಡವಲ್ಲ. ಪ್ರತಿ ಮೊಹಲ್ಲಾದಲ್ಲಿ ಮೂರು ನಾಲ್ಕು ಜನ ನಂಬಿಗಸ್ತರು ಸಾಕು. ಗಂಡಸರ ಬಳಿಗೆ ಗಂಡಸರು, ಹೆಂಗಸರ ಬಳಿಗೆ ಹೆಂಗಸರು, ಇಬ್ಬಿಬ್ಬರಾಗಿ, ವಾರಕ್ಕೊಂದು ಗಂಟೆ. ಮೊದಲು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಂದಲೋ, ಈ ಸೇವೆಯಲ್ಲಿರುವ ಸಂಸ್ಥೆಯಿಂದಲೋ ತರಬೇತಿ ಕೇಳಿ ಪಡೆಯಿರಿ. ಅನಂತರ ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಿ.

ಕೇಳಿದ್ದು ಅಮಾನತ್. ಒಬ್ಬರು ನಿಮ್ಮಲ್ಲಿ ಹೇಳಿಕೊಂಡದ್ದು ನಿಮ್ಮ ಮನೆಯವರಿಗೂ ತಿಳಿಯಬಾರದು. ಮದುವೆಯ ಮಾತುಕತೆಯಲ್ಲಿ, ಹೋಟೆಲಿನ ಚಹಾದ ಜೊತೆಯಲ್ಲಿ ಅದು ಹೊರಬಿದ್ದರೆ ಆ ಸೇವೆ ಗೀಬತ್ ಆಗಿಬಿಡುತ್ತದೆ. ಆ ಓಣಿಯಲ್ಲಿ ಮತ್ತಾರೂ ಬಾಯಿ ತೆರೆಯಲಾರರು. ಈ ಗುಟ್ಟಿಗೆ ಒಂದೇ ಒಂದು ವಿನಾಯಿತಿ, ಅದು ಜೀವದ ಅಪಾಯ. ಸಾಯುವ ಮಾತು ಬಂದರೆ ನೇರವಾಗಿ, ಮೆಲ್ಲಗೆ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಅವರನ್ನು ಒಬ್ಬರನ್ನೇ ಬಿಡಬೇಡಿ. ಹೊಲಕ್ಕೆ ಸಿಂಪಡಿಸುವ ಔಷಧಿಯನ್ನು ಮನೆಯಿಂದ ದೂರವಿಡಿ. ಮನೆಯವರಿಗೆ ತಿಳಿಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ದೂರವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಶಿಕ್ಷೆಯಿಂದ ದೂರವಿಡಬೇಕು, ಆರೈಕೆ ಕೊಡಬೇಕೆಂದು 2017ರ ಅದೇ ಕಾಯ್ದೆ ಹೇಳುತ್ತದೆ. ಆದ್ದರಿಂದ ಪೊಲೀಸರ ಭಯದಿಂದ ಮುಚ್ಚಿಡಬೇಡಿ.

ನೀವು ವೈದ್ಯರಾಗಬೇಡಿ. ಗುಳಿಗೆ ನಿಲ್ಲಿಸೆಂದಾಗಲಿ, ಹೆಚ್ಚಿಸೆಂದಾಗಲಿ ಹೇಳಬೇಡಿ. ರಮಝಾನ್ ಬಂದಾಗ ಇದು ಮುಖ್ಯ. ಉಪವಾಸಕ್ಕಾಗಿ ಔಷಧಿಯ ಹೊತ್ತನ್ನು ತಾವೇ ಬದಲಿಸಿಕೊಳ್ಳುವವರು, ನಿಲ್ಲಿಸಿಬಿಡುವವರು ಇದ್ದಾರೆ. ಲಿಥಿಯಮ್‌ನಂಥ ಔಷಧಿ ತೆಗೆದುಕೊಳ್ಳುವವರ ಮೈಯಲ್ಲಿ ನೀರು ಕಡಿಮೆಯಾದರೆ ಅದೇ ವಿಷವಾಗುವ ಅಪಾಯವಿದೆ. ರೋಗಿಗೆ ಅಲ್ಲಾಹನೇ ಕೊಟ್ಟ ರಿಯಾಯಿತಿಯಿದೆ. ರಮಝಾನಿಗೆ ಮೊದಲೇ ವೈದ್ಯರನ್ನು ಕೇಳಿ, ಆಲಿಮರನ್ನೂ ಕೇಳಿ.

ಬರಿಗೈಯಲ್ಲಿ ಹೋಗಬೇಡಿ. ಸಾವಾದ ಮನೆಯವರಿಗೆ, ರೋಗಿಗೆ ಬಾರ್ಲಿ ಹಿಟ್ಟಿನ ತೆಳು ಗಂಜಿಯಾದ ತಲ್ಬೀನಾ ಮಾಡಿಕೊಡಲು ಹ. ಆಯಿಶಾ(ರ) ಹೇಳುತ್ತಿದ್ದರು, ಅದು ಎದೆಗೆ ಸಮಾಧಾನ ಕೊಡುತ್ತದೆಂದು ಪ್ರವಾದಿವರ್ಯರಿಂದ(ಸ) ಕೇಳಿದ್ದರು. ನಮ್ಮ ಮನೆಯ ಜೋಳದ ಅಂಬಲಿಯಾದರೂ ಸರಿಯೇ. ಬಾಣಂತಿ ಸೊಸೆ ಅಳುತ್ತಿದ್ದರೆ ಕೂಸನ್ನು ಎರಡು ತಾಸು ನೀವು ಎತ್ತಿಕೊಂಡು, ಆಕೆಗೆ ನಿದ್ರೆ ಮಾಡಲು ಬಿಡಿ. ಅದೂ ಇಬಾದತ್ತೇ. ಅಳು ಎರಡು ವಾರ ಕಳೆದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಭ್ರಮೆಯ ಮಾತಾಡಿದರೆ, ತನಗೋ ಮಗುವಿಗೋ ಹಾನಿಯ ಮಾತು ಬಂದರೆ ಒಂದು ದಿನವೂ ಕಾಯಬೇಡಿ.

ನೆರೆಯವರೆಂದರೆ ನಮ್ಮವರಷ್ಟೇ ಅಲ್ಲ. ತಮ್ಮ ಸೇವೆ ಮಾಡುತ್ತಿದ್ದ ಯಹೂದಿ ಹುಡುಗ ಕಾಯಿಲೆ ಬಿದ್ದಾಗ ಪ್ರವಾದಿವರ್ಯರು(ಸ) ಅವನ ಮನೆಗೇ ಹೋಗಿ ತಲೆಯ ಬಳಿ ಕುಳಿತರು. ನಮ್ಮ ಪಕ್ಕದ ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ನಾನಾ ಕಸುಬಿನವರು ಒಂದೆಡೆ ಕೂಡಿ ತಮ್ಮ ತಮ್ಮ ಅನುಭವ ಹಂಚಿಕೊಂಡ ಮಂಟಪದ ನೆನಪು ಈ ನೆಲದಲ್ಲಿದೆ. ಮಗನ ಸಾಲಕ್ಕೆ ಕೊರಗುವ ಲಿಂಗಾಯತ ರೈತನೂ, ನಿದ್ರೆಗೆಟ್ಟ ಮರಾಠಾ ಅಜ್ಜಿಯೂ ನಿಮ್ಮ ಕಿವಿಗೆ ಹಕ್ಕುದಾರರೇ.

ಕೊನೆಯದಾಗಿ, ಎಲ್ಲ ಪ್ರಯತ್ನದ ಮೇಲೂ ಒಂದು ಮನೆಯಲ್ಲಿ ಯಾರಾದರೂ ಜೀವ ಕಳೆದುಕೊಂಡರೆ, ಆ ಮನೆಗೆ ಬೆನ್ನು ತೋರಿಸಬೇಡಿ. ಬಹುಪಾಲು ಫಿಕ್ಹ್ ವಿದ್ವಾಂಸರು ಅಂಥವರ ಜನಾಝಾ ನಮಾಝನ್ನು ಜನರು ನಿರ್ವಹಿಸಬೇಕೆಂದೇ ಹೇಳಿದ್ದಾರೆ. ಬುದ್ಧಿ ಸ್ವಾಧೀನದಲ್ಲಿ ಇಲ್ಲದವರ ಮೇಲಿಂದ ಕರ್ಮ ಬರೆಯುವ ಲೇಖನಿಯನ್ನು ಎತ್ತಲಾಗಿದೆಯೆಂದು ಹದೀಸ್ ಹೇಳುತ್ತದೆ. ತೀರ್ಪು ಅಲ್ಲಾಹನದು. ನಮ್ಮ ಪಾಲಿಗಿರುವುದು ಆ ತಾಯಿಯ ಪಕ್ಕದಲ್ಲಿ ಕುಳಿತುಕೊಳ್ಳುವುದಷ್ಟೇ.

ಸಹೋದರ ಸಹೋದರಿಯರೇ, ಈ ಪುಟ ಮುಗಿಸಿದ ಮೇಲೆ ಒಂದು ಬಾಗಿಲನ್ನು ನೆನಪು ಮಾಡಿಕೊಳ್ಳಿ. ನಿಮ್ಮ ಓಣಿಯಲ್ಲೋ, ನಿಮ್ಮ ಬಳಗದಲ್ಲೋ, ಬಹಳ ದಿನದಿಂದ ಮುಚ್ಚಿರುವ ಒಂದು ಬಾಗಿಲು. ಈ ವಾರ ಅದನ್ನು ತಟ್ಟಿ, ಸಲಾಮ್ ಹೇಳಿ, ಕುಳಿತುಕೊಳ್ಳಿ. ಉಪದೇಶ ಮಾಡಬೇಡಿ. ಮಾತು ಮುಗಿಯುವ ತನಕ ಏಳಬೇಡಿ.

ಓ ಅಲ್ಲಾಹ್, ಕತ್ತಲೆಯಲ್ಲಿರುವ ಮನಸ್ಸುಗಳಿಗೆ ಬೆಳಕು ಕೊಡು. ಅವರ ಬಳಿ ಕುಳಿತುಕೊಳ್ಳುವ ತಾಳ್ಮೆಯನ್ನು ನಮಗೆ ಕೊಡು. ನಮ್ಮ ನಾಲಿಗೆಯಿಂದ ಯಾರ ಗಾಯವೂ ಹಸಿಯಾಗದಂತೆ ಕಾಪಾಡು. ಆಮೀನ್.